ಹೆಸರು ಬುಡದಲ್ಲಿತ್ತು

ಅಲ್ಲಿ ದೂರದಲ್ಲಿ ಕೆಂಪಗೆ ಕಾಣ್ತಿದೆಯಲ್ಲ, ಅದನ್ನು ನಾನು ಮೊದಲು ಯಾರೋ ಎಸೆದ ಬಿಸ್ಕತ್ತಿನ ಕವರ್ ಅಂದುಕೊಂಡಿದ್ದೆ.

ಇದು ಜಿಂಬಾಬ್ವೆ. ರಾಜಧಾನಿ ಹರಾರೆಯಿಂದ ಸ್ವಲ್ಪ ಹೊರಗೆ, ಮಿಯೊಂಬೊ ಅಂತ ಕರೆಯುವ ಒಣ ಕಾಡು. ಸೆಪ್ಟೆಂಬರ್ ತಿಂಗಳು. ಮಳೆ ಇನ್ನೂ ಬಂದಿಲ್ಲ, ಆದರೂ ಮ್ಸಾಸಾ ಮರಗಳು ತಾಮ್ರದ ಬಣ್ಣದಲ್ಲಿ ಚಿಗುರಿವೆ. ಕೆಳಗೆ ಬೆಂಕಿ ಹಾದುಹೋದ ನೆಲ, ಕಾಲಿಟ್ಟಲ್ಲೆಲ್ಲ ಬೂದಿ.

ಹತ್ತಿರ ಹೋದರೆ ದಾಸವಾಳ! ನೆಲದಿಂದ ಒಂದು ಗೇಣೂ ಮೇಲಿಲ್ಲ.

ಮೊಬೈಲ್ ಆ್ಯಪ್‌ಗೆ ಫೋಟೊ ಕೊಟ್ಟೆ. ಅಂಗಳದ ದಾಸವಾಳದ ಹೆಸರನ್ನೇ ಹೇಳಿತು. ಅಮ್ಮ ಬೆಳಿಗ್ಗೆ ಎದ್ದು ದೇವರಿಗೆ ಕೊಯ್ಯುವ ಹೂವಿಗೆ ಈ ಸುಟ್ಟ ಕಾಡಲ್ಲಿ ಏನು ಕೆಲಸ? ಸರಿ, ನಾವೇ ನೋಡೋಣ ಅಂತ ಅಲ್ಲೇ ಕೂತೆ.

ಐದು ಎಸಳು. ನಡುವೆ ಕೇಸರಗಳೆಲ್ಲ ಒಂದೇ ಕೊಳವೆಗೆ ಅಂಟಿವೆ. ಆದರೆ ಇದು ಬೆಂಡೆ ಹೂವಿನಲ್ಲೂ ಇರುತ್ತೆ ಅಲ್ವಾ? ಅದಕ್ಕೇ ಹೂವಿನ ಹಿಂಬದಿ ನೋಡಬೇಕು. ಬೆಂಡೆಯಲ್ಲಿ ಹಸಿರು ತೊಟ್ಟಿನ ಬಟ್ಟಲು ಒಂದು ಪಕ್ಕ ಸೀಳಿ, ಹೂವಿನ ಜೊತೆಗೇ ಉದುರಿಹೋಗುತ್ತದೆ. ಇಲ್ಲಿ ನೋಡಿ, ಹೂ ಉದುರಿದರೂ ಬಟ್ಟಲು ಗಟ್ಟಿಯಾಗಿ ಕೂತಿದೆ. ಅದರ ಹೊರಗೆ ಇನ್ನೊಂದು ಸುತ್ತು ಸಣ್ಣ ಹಸಿರು ಎಳೆಗಳು. ದಾಸವಾಳವೇ, ಅನುಮಾನ ಬೇಡ.

ಆದರೆ ಯಾವುದು? ಲೋಲಾಕಿನ ಹಾಗೆ ತೂಗಾಡುವ ಸೀಳು ಎಸಳಿನದು ನಮ್ಮೂರಲ್ಲೂ ಬೆಳೆಸ್ತಾರೆ. ಅದರ ತವರು ಕೀನ್ಯಾ, ತಾಂಜಾನಿಯಾ ಕಡೆ, ಮತ್ತೆ ಈ ಎಸಳು ಸೀಳಿಲ್ಲ. ಹೈಬಿಸ್ಕಸ್ ಪ್ರೀಟೆರಿಟಸ್ ಅಂತ ಇನ್ನೊಂದು ಕೆಂಪು ದಾಸವಾಳ ಈ ದೇಶದಲ್ಲೇ ಇದೆ. ಅದು ಬಿಸಿ ತಗ್ಗು ಪ್ರದೇಶದ ಪೊದೆ. ಪೊದೆ ಎಲ್ಲಿದೆ ಇಲ್ಲಿ?

ಆಗ ಸುಮ್ನೆ ಬೆರಳಲ್ಲಿ ಬುಡದ ಬೂದಿ ಸರಿಸಿದೆ. ನೋಡಿ! ಬೆರಳು ಗಾತ್ರದ ಬೇರು ಇರಬಹುದು ಅಂದುಕೊಂಡರೆ, ಸೌದೆಯಂಥ ಗಂಟು. ಗಿಡ ಇರುವುದೇ ನೆಲದೊಳಗೆ. ಬೆಂಕಿಗೆ ಮೇಲಿನ ಕಡ್ಡಿಗಳು ಸುಟ್ಟರೂ ಗಂಟಿಗೆ ಏನೂ ಆಗಲ್ಲ. ಹುಲ್ಲು ಏಳುವ ಮೊದಲೇ ಹೊಸ ಕಡ್ಡಿ, ಹೂ. 1976ರಲ್ಲಿ ಸಸ್ಯವಿಜ್ಞಾನಿ ಫ್ರ್ಯಾಂಕ್ ವೈಟ್ ಇಂಥ ಗಿಡಗಳನ್ನೆಲ್ಲ ಆಫ್ರಿಕಾದ ನೆಲದಡಿಯ ಕಾಡು ಅಂದರು.

ಹಾಗಾಗಿ ನನ್ನ ಉತ್ತರ, ಹೀಗೆ ನೆಲದೊಳಗಿನ ಗಂಟಿನಿಂದ ಚಿಗುರುವ ಕೆಂಪು ದಾಸವಾಳ, ಹೈಬಿಸ್ಕಸ್ ರೋಡ್ಯಾಂತಸ್. ಗುಲಾಬಿ ಬಣ್ಣದ ಹೂವಿನದು ಅಂತ ಗ್ರೀಕ್ ಅರ್ಥ. ನನ್ನ ಕಣ್ಣಿಗಂತೂ ಅಚ್ಚ ಕೆಂಪು.

ಬೂದಿ ಮತ್ತೆ ಮುಚ್ಚಿಟ್ಟು, ಅಮ್ಮನಿಗೆ ಫೋಟೊ ಕಳಿಸಿದೆ. ಅವಳ ಉತ್ತರ: "ಹೂ ಚೆನ್ನಾಗಿದೆ ಕಣೋ. ಆದರೆ ಇಷ್ಟು ಬಗ್ಗಿ ಯಾರು ಕೊಯ್ತಾರೆ?"