ಹೆದ್ದಾರಿಯಲ್ಲಿ ಒಣಗುವ ಮೆಕ್ಕೆಜೋಳ

ಎಲ್ಲರಿಗೂ ನಮಸ್ಕಾರ.

ದೀಪಾವಳಿ ಮುಗಿಸಿ ಊರಿಂದ ಬೆಂಗಳೂರಿಗೆ ವಾಪಸ್ ಬರುವಾಗ ಕಣ್ಣಿಗೆ ಬೀಳುವ ಕೆಲವು ನೋಟಗಳ ಬಗ್ಗೆ ಇವತ್ತು ಮಾತಾಡುತ್ತೇನೆ. ನಮ್ಮ ಮನೆಯವರೆಲ್ಲ ಇರುವುದು ರಾಣೆಬೆನ್ನೂರು ಕಡೆ. ಅಲ್ಲಿಂದ ಹರಿಹರ, ದಾವಣಗೆರೆ, ಚಿತ್ರದುರ್ಗ, ಹಿರಿಯೂರು, ಶಿರಾ, ತುಮಕೂರು. ಸುಮಾರು 300 ಕಿಲೋಮೀಟರ್, ರಾಷ್ಟ್ರೀಯ ಹೆದ್ದಾರಿ 48. ಇಲ್ಲಿ ಕೂತವರಲ್ಲಿ ತುಂಬಾ ಜನರಿಗೆ ಇದು ಗೊತ್ತಿರುವ ದಾರಿಯೇ.

ಪಾಡ್ಯ ಕಳೆದ ಮೇಲೆ ಹೊರಟರೆ ಹೋರಿಗಳು ಕಾಣುತ್ತವೆ. ಹಾವೇರಿ, ಶಿವಮೊಗ್ಗ ಕಡೆ ಅದು ಹೋರಿ ಬೆದರಿಸುವ ಸ್ಪರ್ಧೆಯ ಕಾಲ. ಸಿಂಗರಿಸಿದ ಹೋರಿಯನ್ನು ಜನರ ನಡುವೆ ಓಡಲು ಬಿಡುತ್ತಾರೆ, ಹುಡುಗರು ಅದನ್ನು ಹಿಡಿಯಲು ನೋಡುತ್ತಾರೆ. ಸಣ್ಣ ಗೂಡ್ಸ್ ಗಾಡಿಯಲ್ಲಿ ಒಂದು ಹೋರಿ ನಿಂತಿರುತ್ತದೆ. ಕೊರಳಿಗೆ ಕೊಬ್ಬರಿ ಹಾರ, ಕೊಂಬಿಗೆ ಬಲೂನು. ಸುತ್ತ ನಾಲ್ಕೈದು ಹುಡುಗರು ಅದನ್ನು ಹಿಡಿದುಕೊಂಡು ಕೂಗುತ್ತಾ ಹೋಗುತ್ತಾರೆ. ಬೆಂಗಳೂರಲ್ಲೇ ಬೆಳೆದ ನನ್ನ ಮಗಳು, "ಅಪ್ಪಾ, ಇದಕ್ಕೆ ಮದುವೆನಾ?" ಅಂತ ಕೇಳಿದ್ದಳು. ಆ ಸ್ಪರ್ಧೆಯಲ್ಲಿ ಜನ ಪೆಟ್ಟು ತಿಂದದ್ದೂ ಇದೆ, ಜೀವ ಹೋದದ್ದೂ ಇದೆ. ಅದನ್ನೂ ಅವಳಿಗೆ ಹೇಳಿದೆ. ಆದರೆ ವರ್ಷವಿಡೀ ಆ ಹೋರಿಯನ್ನು ಮನೆಮಗನ ಹಾಗೆ ಸಾಕುವವರ ಪ್ರೀತಿ ಸುಳ್ಳಲ್ಲ.

ಇನ್ನು ಊರುಗಳ ಕ್ರಮ ಬಿಟ್ಟು ಹೇಳುತ್ತೇನೆ. ಚಿತ್ರದುರ್ಗದ ಹತ್ತಿರ ಒಮ್ಮೊಮ್ಮೆ ಗಾಳಿ ಯಂತ್ರದ ರೆಕ್ಕೆ ಹೊತ್ತ ಟ್ರೇಲರ್ ನಿಂತಿರುತ್ತದೆ. ಈಗಿನ ಒಂದೊಂದು ರೆಕ್ಕೆ 50 ಮೀಟರಿಗಿಂತ ಉದ್ದ. ಗುಡ್ಡದ ಮೇಲೆ ತಿರುಗುವಾಗ ಅದು ಚಿಕ್ಕದಾಗಿ ಕಾಣುತ್ತದೆ. ಪಕ್ಕದಲ್ಲಿ ಕಾರು ಓಡಿಸಿಕೊಂಡು ಹೋದಾಗಲೇ ಅದರ ಅಳತೆ ಗೊತ್ತಾಗುವುದು. ಹಿರಿಯೂರಲ್ಲಿ ವೇದಾವತಿ ದಾಟುವಾಗ ನಾನು ತಪ್ಪದೆ ಕಿಟಕಿ ಇಳಿಸುತ್ತೇನೆ. ಈ ನದಿಗೆ ಕಟ್ಟಿದ ವಾಣಿ ವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅಷ್ಟು ವರ್ಷ ಕಾದ ಬಯಲುಸೀಮೆಯ ಜನ ಆ ನೀರು ನೋಡಲು ಗುಂಪುಗುಂಪಾಗಿ ಬಂದಿದ್ದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಈಗ ನಾನು ಜಾಸ್ತಿ ಹೇಳಬೇಕಾದ ವಿಷಯಕ್ಕೆ ಬರುತ್ತೇನೆ. ಅದು ಮೆಕ್ಕೆಜೋಳ.

ರಾಣೆಬೆನ್ನೂರಿಂದ ದಾವಣಗೆರೆ ದಾಟುವವರೆಗೆ ಸರ್ವಿಸ್ ರಸ್ತೆಯ ಅರ್ಧ ಭಾಗ ಹಳದಿಯಾಗಿರುತ್ತದೆ. ಕೆಲವರು ಕಾರಿಂದ ಇಳಿದು ಫೋಟೋ ತೆಗೆಯುತ್ತಾರೆ. ಕೆಲವರು ಬೈಯುತ್ತಾರೆ. ರಸ್ತೆ ಇವರಪ್ಪಂದಾ ಅಂತ ಕೇಳುವವರೂ ಇದ್ದಾರೆ. ರೈತ ಯಾಕೆ ಅಲ್ಲಿಗೆ ಬಂದ ಅಂತ ಕೇಳುವವರು ಕಡಿಮೆ.

ಕಾರಣ ಸರಳ. ಕೊಯ್ಲಿನ ಹೊತ್ತಿಗೆ ಕಾಳು ಹಸಿಯಾಗಿರುತ್ತದೆ. ಬೆಂಬಲ ಬೆಲೆಗೆ ಕೊಡಬೇಕಾದರೆ ತೇವಾಂಶ ನೂರಕ್ಕೆ 14 ಮೀರಬಾರದು. ಹಸಿ ಇದ್ದರೆ ವ್ಯಾಪಾರಿಯೂ ರೇಟು ಇಳಿಸುತ್ತಾನೆ. ಅದೇ ಹೊತ್ತಿಗೆ ಹಿಂಗಾರು ಮಳೆ, ಇಲ್ಲವೇ ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ. ಡಾಂಬರು ಬೇಗ ಕಾಯುತ್ತದೆ, ಕಾಳು ಬೇಗ ಒಣಗುತ್ತದೆ.

ಹರಿಹರದ ಹತ್ತಿರ ಒಬ್ಬ ಅಜ್ಜಿ ಕಾಲಲ್ಲಿ ಕಾಳು ಕೆದರುತ್ತಾ ನಡೆದಿದ್ದರು. ನಿಲ್ಲಿಸಿ ಮಾತಾಡಿಸಿದೆ. "ತಮ್ಮಾ, ಕಣಾ ಇದ್ದಲ್ಲಿ ಈಗ ಮನಿ ಆಗ್ಯಾವು. ಎರಡು ದಿನ ಬಿಸಿಲು ಬಿದ್ರ ಸಾಕು. ಮಳಿ ಬಂತಂದ್ರ ಎಲ್ಲಾ ಮೊಳಕಿ ಒಡೀತೈತಿ" ಅಂದರು.

ಹಿಂದೆ ಸುಗ್ಗಿಗೆ ಮುಂಚೆ ನೆಲ ಹದ ಮಾಡಿ, ಸಗಣಿ ಸಾರಿಸಿ, ಕಣ ಮಾಡುತ್ತಿದ್ದರು. ರಾತ್ರಿ ಎತ್ತು ತಿರುಗಿಸುತ್ತಾ ಹಂತಿ ಹಾಡು ಹೇಳುತ್ತಿದ್ದರು. ಈಗ ಯಂತ್ರ ಬಂದು ಒಂದೇ ಹೊತ್ತಿಗೆ ಕಾಳು ಬಿಡಿಸಿ ಹೋಗುತ್ತದೆ. ಅಷ್ಟು ರಾಶಿ ಹರಡಲು ಊರಲ್ಲಿ ಜಾಗ ಇಲ್ಲ.

ಅಪಾಯ ಇಲ್ಲ ಅಂತ ನಾನು ಹೇಳುತ್ತಿಲ್ಲ. ರಾತ್ರಿ ರಾಶಿಗೆ ಕಪ್ಪು ತಾಡಪಾಲು ಹೊದಿಸಿ, ಸುತ್ತ ಕಲ್ಲು ಇಟ್ಟಿರುತ್ತಾರೆ. ಬೈಕಿನಲ್ಲಿ ಬಂದವನಿಗೆ ಅದು ಹತ್ತಿರ ಬರುವವರೆಗೆ ಕಾಣುವುದಿಲ್ಲ. ರಾಶಿ ಕಾಯಲು ಪಕ್ಕದಲ್ಲೇ ಮಲಗುವ ರೈತನಿಗೂ ಅಷ್ಟೇ ಅಪಾಯ. ಹಾಗಂತ ದಂಡ ಹಾಕಿದರೆ ಕಾಳು ಒಣಗುತ್ತದಾ? ಬೇಕಾಗಿರುವುದು ಜಾಗ. ನರೇಗಾದಲ್ಲಿ ಒಕ್ಕಣೆ ಕಣ ಕಟ್ಟಿಕೊಂಡ ಊರುಗಳಿವೆ. ಅಂಥದ್ದು ಪ್ರತಿ ಊರಿಗೂ ಬೇಕು, ಒಂದಲ್ಲ, ಮೂರು ನಾಲ್ಕು.

ನಿಮ್ಮಲ್ಲಿ ಹಲವರಿಗೆ ಊರಲ್ಲಿ ಹಿತ್ತಲೋ ಖಾಲಿ ಸೈಟೋ ಇರುತ್ತದೆ ಅಲ್ವಾ? ವರ್ಷವಿಡೀ ಸುಮ್ನೆ ಬಿದ್ದಿರುತ್ತದೆ. ಸುಗ್ಗಿಯ ಒಂದೆರಡು ತಿಂಗಳು ಅದನ್ನು ಕಾಳು ಒಣಗಿಸಲು ಬಿಟ್ಟುಕೊಡಿ. ಹಬ್ಬಕ್ಕೆ ಹೋದಾಗ ಪಂಚಾಯಿತಿ ಸದಸ್ಯರನ್ನು ಕಂಡು, ಗ್ರಾಮಸಭೆಯಲ್ಲಿ ಕಣದ ವಿಷಯ ಎತ್ತಲು ಹೇಳಿ. ವಾಪಸ್ ಬರುವಾಗ ಕತ್ತಲಾದರೆ ಸರ್ವಿಸ್ ರಸ್ತೆಯಲ್ಲಿ ನಿಧಾನ ಬನ್ನಿ.

ನಮಸ್ಕಾರ.