ಬುಡಾಪೆಸ್ಟ್: ಕುಡಿಯೋ ನೀರು ಫ್ರೀ, ಮಿಕ್ಕಿದ್ದಕ್ಕೆ ಚಿಲ್ರೆ ಇಟ್ಕೊಳ್ಳಿ

ಹಾಂ, ಕ್ಯಾಮೆರಾ ಆನ್ ಆಗಿದೆ. ಹಿಂದೆ ಕಾಣ್ತಿರೋದು ಕೆಲೆಟಿ ಸ್ಟೇಷನ್. ವಿಯೆನ್ನಾ ರೈಲಿಳಿದು ಈಗಷ್ಟೇ ಆಚೆ ಬಂದೆ. ಮೇಲೆ ಎರಡೂ ಕಡೆ ಪ್ರತಿಮೆಯಾಗಿ ನಿಂತಿದಾರಲ್ಲ, ಒಬ್ರು ಉಗಿ ಇಂಜಿನ್ನಿನ ಜೇಮ್ಸ್ ವಾಟ್, ಇನ್ನೊಬ್ರು ರೈಲು ಇಂಜಿನ್ನಿನ ಜಾರ್ಜ್ ಸ್ಟೀಫನ್‌ಸನ್. 1884ರ ಕಟ್ಟಡ ಇದು. ರಾಜರು ನಿಲ್ಲೋ ಜಾಗದಲ್ಲಿ ಇಂಜಿನಿಯರುಗಳು! ನಂಗಂತೂ ಈ ಊರು ಇಲ್ಲೇ ಇಷ್ಟ ಆಗೋಯ್ತು.

ಅರ್ಧ ಗಂಟೇಲಿ ಆ ಇಷ್ಟ ಇಳೀತು, ಹೇಳ್ತೀನಿ ಕೇಳಿ. ಹಂಗೇರಿ ಯುರೋಪಿಯನ್ ಯೂನಿಯನ್‌ನಲ್ಲಿದ್ರೂ ಇಲ್ಲಿ ಯೂರೋ ಅಲ್ಲ, ಫೋರಿಂಟ್. ನನ್ ಹತ್ರ ಇದ್ದಿದ್ದು ಎಟಿಎಂ ಕೊಟ್ಟ ಹತ್ತು ಸಾವಿರದ ಒಂದೇ ನೋಟು. ಒಂದ್ ಕಡೆ ಟಾಯ್ಲೆಟ್‌ಗೆ ಹೋದ್ರೆ 300 ಫೋರಿಂಟ್, ಹೆಚ್ಚುಕಮ್ಮಿ 75 ರೂಪಾಯಿ. ಸರಿ, ಕೊಡೋಣ. ಆದ್ರೆ ಗೇಟಿನ ಮೆಷಿನ್‌ಗೆ ನಾಣ್ಯಾನೇ ಬೇಕು. ಪಕ್ಕದಲ್ಲಿ ಕೂತಿದ್ದ ಆಂಟಿಗೆ ನೋಟು ತೋರಿಸ್ದೆ, ಮುಖಾನೂ ನೋಡ್ಲಿಲ್ಲ, ತಲೆ ಅಲ್ಲಾಡ್ಸಿದ್ರು. ಓಡ್ದೆ ಬೇಕರಿಗೆ. ಪೊಗಾಚಾ ಅಂತ ಸಿಗುತ್ತೆ, ಅಂಗೈಲಿ ಕೂರೋಷ್ಟು ಗುಂಡಗಿನ ಖಾರಾ ಬನ್ನು, ಮೇಲೆ ಚೀಸ್ ಕರಗಿ ಕಂದು ಬಣ್ಣಕ್ಕೆ ತಿರುಗಿರುತ್ತೆ. 350. ಆ ಹುಡುಗಿ ಕಾರ್ಡ್ ಮೆಷಿನ್ ಮುಂದಕ್ಕೆ ತಳ್ತಾಳೆ, ನಾನು ನೋಟು ಮುಂದಕ್ಕೆ ತಳ್ತೀನಿ. ಕೊನೆಗೆ ಚೇಂಜ್ ಕೊಟ್ಲು: ಐದು ಸಾವಿರ, ಎರಡು ಸಾವಿರದ್ದು ಎರಡು, ಐನೂರರ ನೋಟು, ನಾಣ್ಯ ಮಾತ್ರ ನೂರೈವತ್ತು! ಇನ್ನೇನ್ ಮಾಡ್ಲಿ, ಆ ಐನೂರು ವಾಪಸ್ ಕೊಟ್ಟು ಇನ್ನೊಂದು ಪೊಗಾಚಾ. ಇನ್ನೊಂದು ನೂರೈವತ್ತು ಬಂತು. ಒಟ್ಟು ಸಾವಿರ ಫೋರಿಂಟ್ ಆಯ್ತು ಗುರು, ಒಂದ್ ಸಲ ಹೋಗ್ಬರೋಕೆ. ಕುಡಿಯೋಕೆ ನಲ್ಲಿ ನೀರು ಫ್ರೀ, ಚೆನ್ನಾಗೂ ಇರುತ್ತೆ. ಆಚೆ ಬಿಡೋಕೆ ಬಾಡಿಗೆ. ಪೊಗಾಚಾ ಸೂಪರ್ ಆಗಿತ್ತು, ಅದು ಬೇರೆ ವಿಷ್ಯ.

ಇದು ಎಂ1, ಹಳದಿ ಪುಟಾಣಿ ಮೆಟ್ರೋ, 1896ರಿಂದ ಓಡ್ತಿದೆ. ರಸ್ತೆಯಿಂದ ಹತ್ತಿಪ್ಪತ್ತು ಮೆಟ್ಟಿಲು ಇಳಿದ್ರೆ ಪ್ಲಾಟ್‌ಫಾರ್ಮ್. ಹೋಗೋಕೆ ರಸ್ತೆಯ ಈ ಕಡೆ ಮೆಟ್ಟಿಲು, ಬರೋಕೆ ಆ ಕಡೆ. ಬೋರ್ಡ್ ನೋಡ್ದೆ ಇಳಿದ್ರೆ ಮತ್ತೆ ಹತ್ತಿ, ರಸ್ತೆ ದಾಟಿ, ಇನ್ನೊಂದ್ ಕಡೆ ಇಳೀಬೇಕು. 24 ಗಂಟೆ ಪಾಸ್ ತಗೊಳ್ಳಿ, ಟ್ರಾಮ್ ಬಸ್ ಎಲ್ಲಾ ಅದ್ರಲ್ಲೇ.

ಅಬ್ಬಾ, ಪಾರ್ಲಿಮೆಂಟು. ಎತ್ತರ 96 ಮೀಟರ್. ಸೇಂಟ್ ಸ್ಟೀಫನ್ ಬೆಸಿಲಿಕಾನೂ ಅಷ್ಟೇ ಎತ್ತರ. ಮಗ್ಯಾರ್ ಜನ, ಅಂದ್ರೆ ಹಂಗೇರಿಯನ್ನರು, ಇಲ್ಲಿಗೆ ಬಂದಿದ್ದು 896ರಲ್ಲಿ ಅಂತ ಲೆಕ್ಕ, ಅದಕ್ಕೇ 96. ಒಳಗೆ ಹೋಗೋಕೆ ಯುರೋಪಿಯನ್ ಯೂನಿಯನ್‌ನೋರಿಗೆ ಒಂದು ರೇಟು, ನಮಗೆ ಅದಕ್ಕಿಂತ ಜಾಸ್ತಿ. ಬೈಯ್ಯೋಣ ಅಂತ ಬಾಯಿ ತೆಗ್ದೆ, ಹಂಪಿ ಜ್ಞಾಪಕಕ್ಕೆ ಬಂತು, ವಿಠ್ಠಲ ದೇವಸ್ಥಾನದ ಟಿಕೆಟ್ ಕೌಂಟರ್ರು. ಸುಮ್ನಾದೆ. ಹೊರಗಿಂದ ನೋಡಿದ್ರೇ ಸಾಕು.

ಇಲ್ಲಿ ಮ್ಯೂಸಿಕ್ ಹಾಕಲ್ಲ. ನದಿ ದಂಡೇಲಿ 60 ಜೊತೆ ಕಬ್ಬಿಣದ ಚಪ್ಪಲಿ, ಬೂಟು. 1944-45ರಲ್ಲಿ ಆ್ಯರೋ ಕ್ರಾಸ್ ಅನ್ನೋ ಫ್ಯಾಸಿಸ್ಟ್ ಪಕ್ಷದವರು ಯಹೂದಿಗಳನ್ನ ಇದೇ ದಂಡೇಲಿ ನಿಲ್ಲಿಸಿ, ಬೂಟು ಬಿಚ್ಚಿಸಿ, ಗುಂಡು ಹೊಡೆದು ಡ್ಯಾನ್ಯೂಬ್‌ಗೆ ಬೀಳಿಸಿದ್ರು. ಸ್ಮಾರಕ ಮಾಡಿದ್ದು 2005ರಲ್ಲಿ. ಮಕ್ಕಳ ಅಳತೆದೂ ಇವೆ. ಒಬ್ಬ ಅದರೊಳಗೆ ಕಾಲು ತೂರಿಸಿ ಫೋಟೋ ತೆಗಿಸ್ಕೊಳ್ತಿದ್ದ. ಫ್ರೇಮಲ್ಲಿ ಬೇಡ ಅಂತ ಕಟ್ ಮಾಡಿದೀನಿ.

ಟ್ರಾಮ್ ನಂಬರ್ 2, ನದಿ ಪಕ್ಕಾನೇ ಹೋಗುತ್ತೆ. ದೋಣಿ ವಿಹಾರಕ್ಕೆ ದುಡ್ಡು ಹಾಕೋ ಮುಂಚೆ ಇದನ್ನ ಹತ್ತಿ. ಅದು ಚೈನ್ ಬ್ರಿಡ್ಜ್, 1849ದು, ಹೆಸರು ಸೆಚೆನಿ ಇಸ್ತ್ವಾನ್ ಅನ್ನೋರದ್ದು. ಸೆಚೆನಿ ಮನೆತನದ ಹೆಸ್ರು, ಇಲ್ಲಿ ಅದೇ ಮೊದ್ಲು ಬರುತ್ತೆ. ನಮ್ಮಲ್ಲಿ ಊರ ಹೆಸ್ರು ಮುಂದೆ ಹಾಕ್ಕೊಳ್ತೀವಲ್ಲ, ಹಾಗೆ. ವೀಸಾ ಫಾರ್ಮಲ್ಲಿ ನಮ್ಮಪ್ಪನ ಇನಿಷಿಯಲ್‌ಗೆ ಸರ್‌ನೇಮ್ ಪಟ್ಟ ಕಟ್ಟಿ ನಾನು ಪಟ್ಟ ಪಾಡು… ಅಯ್ಯೋ, ಸ್ಟಾಪ್ ಬಂತು, ಇಳೀರಿ ಇಳೀರಿ.

ನದಿಯ ಈ ದಂಡೆ ಬುಡಾ, ಆ ದಂಡೆ ಪೆಸ್ಟ್. ಬುಡಾ ಕಡೆ ಬರೀ ಬೆಟ್ಟ, ಬೋರು ಅಂದ್ಕೊಂಡಿದ್ದೆ. ವಾಪಸ್ ತಗೊಂಡೆ. ಕೋಟೆಗೆ ಹೋಗೋ ಹಗ್ಗದ ರೈಲಿಗೆ ಕೊಡೋ ದುಡ್ಡು ದಂಡ. 16ನೇ ನಂಬರ್ ಬಸ್ಸು ಅದೇ ಪಾಸಲ್ಲಿ ಮೇಲಕ್ಕೆ ಹೋಗುತ್ತೆ. ಮೇಲೆ ಫಿಷರ್‌ಮನ್ಸ್ ಬಾಸ್ಟಿಯನ್ ಅಂತ ಗೋಪುರಗಳಿರೋ ಕಟ್ಟೆ ಇದೆ, ಅದರ ಕೆಳಗಿನ ಅಂಗಳ ಫ್ರೀ, ಪೆಸ್ಟ್ ಪೂರ್ತಿ ಇಲ್ಲಿಂದ್ಲೇ ಕಾಣುತ್ತೆ.

ಊಟಕ್ಕೆ ಲಾಂಗೋಶ್. ತಟ್ಟೆಯಗಲದ ಪೂರಿ ಥರ, ಮೇಲೆ ಬೆಳ್ಳುಳ್ಳಿ, ಹುಳಿ ಕ್ರೀಮು, ತುರಿದ ಚೀಸು. ಸಸ್ಯಾಹಾರಿಗಳಿಗೆ ಇದೊಂದೇ ದಾರಿ ಅಂದ್ಕೋಬೇಡಿ, ಫೋಜೆಲೇಕ್ ಕೇಳಿ, ತರಕಾರಿ ಬೇಯ್ಸಿ ಗಟ್ಟಿ ಮಾಡಿರ್ತಾರೆ, ಜೇಬಿಗೂ ಹಗುರ. ಮಾಂಸ ಬೇಡ ಅಂತ ಮೊದ್ಲೇ ಹೇಳಿ.

ಬ್ಯಾಟರಿ ಕೆಂಪಾಯ್ತು. ನಾಳೆ ಸೆಂಟ್ರಲ್ ಮಾರ್ಕೆಟ್ ಹಾಲ್. ನೀವು ಹೋಗೋದಿದ್ರೆ ಭಾನುವಾರ ಇಟ್ಕೋಬೇಡಿ, ಬಾಗ್ಲು ಹಾಕಿರುತ್ತೆ.