ಪೆಟ್ಟಿಗೆಗೆ ಕಾಲು ಇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ತಾರಸಿ ಮೇಲೆ ಸೊಪ್ಪು ತರಕಾರಿ ಬೆಳೆಯೋಕೆ ಮರದ ಪೆಟ್ಟಿಗೆ ಮಾಡ್ಕೊಳ್ಳೋ ವಿಷಯ ಇವತ್ತು. ನಾನೇನು ಬಡಗಿ ಅಲ್ಲ. ಬೆಂಗಳೂರಲ್ಲಿ 30-40 ಸೈಟಿನ ಮನೆ, ಗೇಟಿನೊಳಗೆ ಸ್ಕೂಟರ್ ನಿಲ್ಲಿಸಿದ್ರೆ ತುಳಸಿ ಕಟ್ಟೆಗೂ ಜಾಗ ಕಮ್ಮಿ, ಹಂಗಾಗಿ ತೋಟ ಏನಿದ್ರೂ ಮಹಡಿ ಮೇಲೇನೆ.

ಮೊದಲನೇ ಪೆಟ್ಟಿಗೆ ಹಳೇ ಪ್ಲೈವುಡ್ಡಲ್ಲಿ ಮಾಡಿದ್ದೆ. ಬಣ್ಣ ಗಿಣ್ಣ ಬಳಿದು ನೋಡೋಕೆ ಚೆನ್ನಾಗೇ ಇತ್ತು, ಸೀದಾ ತಾರಸಿ ನೆಲದ ಮೇಲೆ ಕೂರಿಸಿಬಿಟ್ಟೆ. ಮೆಂತ್ಯ ಬಂತು, ಕೊತ್ತಂಬರಿ ಬಂತು, ಆಮೇಲೆ ಮಳೆಗಾಲಾನೂ ಬಂತು. ದೀಪಾವಳಿಗೆ ದೀಪ ಇಡೋಕೆ ಸ್ವಲ್ಪ ಸರಿಸೋಣ ಅಂತ ಇಬ್ರು ಸೇರಿ ಎತ್ತಿದ್ವಿ ನೋಡಿ, ನಾಲ್ಕು ಗೋಡೆ ಮಾತ್ರ ಕೈಗೆ ಬಂತು, ತಳ ಮಣ್ಣಿನ ಸಮೇತ ಅಲ್ಲೇ ಕೂತಿದೆ! ಪ್ಲೈವುಡ್ಡು ಹಾಲಲ್ಲಿ ನೆನೆದ ಚಿರೋಟಿ ಥರ ಪದರ ಪದರ ಬಿಟ್ಕೊಂಡಿತ್ತು, ಕೆಳಗಡೆ ರೂಮಿನ ಸೀಲಿಂಗಲ್ಲಿ ತೇವದ ಕಲೆ ಬೇರೆ.

ಅವತ್ತು ಗೊತ್ತಾಗಿದ್ದು ಏನಂದ್ರೆ, ಪೆಟ್ಟಿಗೆ ಹಾಳಾಗೋದು ತಳದಿಂದ. ಮರ ಒದ್ದೆ ಆದ್ರೆ ತೊಂದ್ರೆ ಇಲ್ಲ, ಒದ್ದೆಯಾಗಿದ್ದು ಆರದೇ ಇದ್ರೆ ತೊಂದ್ರೆ. ಅದಕ್ಕೇ ಈಗ ಎರಡು ಇಂಚಿನ ಕಾಲು ಇಟ್ಟೇ ಇಡ್ತೀನಿ, ತಳದ ಹಲಗೆಗಳ ಮಧ್ಯೆ ಮೂರ್ನಾಲ್ಕು ಮಿಲಿಮೀಟರ್ ಸಂದು ಬಿಡ್ತೀನಿ. ನೀರೂ ಇಳಿಯುತ್ತೆ, ಮಳೆಗಾಲದಲ್ಲಿ ಹಲಗೆ ಅಗಲಕ್ಕೆ ಉಬ್ಬಿದಾಗ ಒಂದಕ್ಕೊಂದು ತಳ್ಳಾಡಲ್ಲ. ಮಣ್ಣು ಜಾರದ ಹಾಗೆ ಹಳೇ ಶೇಡ್ ನೆಟ್, ಅಂದ್ರೆ ಗಿಡಕ್ಕೆ ನೆರಳಿಗೆ ಕಟ್ಟೋ ಬಲೆ, ಹಾಸಿದ್ರೆ ಆಯ್ತು. ತಳಕ್ಕೆ ಜಲ್ಲಿ ಸುರೀರಿ ಅಂತಾರಲ್ಲ ಕೆಲವರು, ನನಗದು ಸರಿ ಅನ್ಸಲ್ಲ. ನೀರು ಜಲ್ಲಿ ಮೇಲಿನ ಮಣ್ಣಲ್ಲೇ ನಿಲ್ಲುತ್ತೆ, ಬೇರಿಗೆ ಇರೋ ಜಾಗಾನೂ ಕಮ್ಮಿ ಆಗುತ್ತೆ.

ಮರ ಯಾವುದು? ಹಳೇ ಬಾಗಿಲಿನ ತೇಗ, ಹಲಸು ಸಿಕ್ರೆ ಅದೃಷ್ಟ. ಇಲ್ಲಾಂದ್ರೆ ಸಾಮಾನು ಪ್ಯಾಕ್ ಮಾಡಿ ಬರೋ ಪೆಟ್ಟಿಗೆಗಳ ಪೈನ್ ಮರ, ಅಗ್ಗ. ತಗೊಳ್ಳೋವಾಗ ಹಲಗೆ ಮೇಲಿನ ಮುದ್ರೆ ನೋಡಿ, ಎಚ್‌ಟಿ ಅಂದ್ರೆ ಬಿಸಿ ಮಾಡಿ ಹುಳ ಸಾಯಿಸಿದ ಮರ, 56 ಡಿಗ್ರೀಲಿ ಅರ್ಧ ಗಂಟೆ. ಎಂಬಿ ಅಂತಿದ್ರೆ ಮೀಥೈಲ್ ಬ್ರೋಮೈಡ್ ಅನ್ನೋ ವಿಷದ ಅನಿಲ ಹಾಯಿಸಿರ್ತಾರೆ, ತಿನ್ನೋ ಸೊಪ್ಪಿಗೆ ಅದು ಬೇಡವೇ ಬೇಡ.

ನನ್ನದು ಮೂರಡಿ ಉದ್ದ, ಒಂದಡಿ ಅಗಲ, ಒಂದಡಿ ಆಳ. ಸೊಪ್ಪಿಗೆ ಆರೆಂಟು ಇಂಚು ಸಾಕು, ಬದನೆ ಟೊಮೇಟೊಗೆ ಒಂದಡಿ ಬೇಕು. ಇದಕ್ಕೆ ಸುಮಾರು 85 ಲೀಟರ್ ಮಣ್ಣು ಹಿಡಿಯುತ್ತೆ, ನೆನೆದಾಗ 100 ಕೆಜಿ ದಾಟುತ್ತೆ ಅಂದ್ಕೊಳ್ಳಿ, ಹಂಗಾಗಿ ತಾರಸಿ ನಡುಮಧ್ಯೆ ಸಾಲಾಗಿ ಜೋಡಿಸಬೇಡಿ, ಕೆಳಗಡೆ ಗೋಡೆ ಅಥವಾ ಬೀಮ್ ಇರೋ ಕಡೆ ಇಡಿ. ಬರೀ ಕೆಮ್ಮಣ್ಣು ತುಂಬೋ ಬದಲು ಮಣ್ಣಿನ ಜೊತೆ ಕೊಕೊಪೀಟು (ತೆಂಗಿನ ನಾರಿನ ಪುಡಿ), ಕಾಂಪೋಸ್ಟು ಸಮಸಮ ಬೆರೆಸಿದ್ರೆ ಭಾರಾನೂ ಇಳಿಯುತ್ತೆ. ಉದ್ದದ ಹಲಗೆ ಮಧ್ಯದಲ್ಲಿ ಹೊಟ್ಟೆ ಬಿಡುತ್ತೆ, ಅಡ್ಡಕ್ಕೊಂದು ಪಟ್ಟಿ ಕೊಡಿ. ಮೊಳೆ ಬೇಡ, ಸ್ಕ್ರೂ ಹಾಕಿ, ಅದಕ್ಕೂ ಮೊದಲು ಸಣ್ಣ ತೂತು ಕೊರೀರಿ, ಇಲ್ಲಾಂದ್ರೆ ಹಲಗೆ ತುದಿ ಸೀಳುತ್ತೆ, ನನ್ನ ಹತ್ರ ಅಂಥ ಸೀಳಿದ ತುಂಡು ಒಂದು ಮೂಟೆ ಇದೆ.

ಕೊನೆಗೆ ಅಗಸೆ ಎಣ್ಣೆ, ಎರಡು ಸಲ. ಕೊಯ್ದ ತುದಿಗೆ ಜಾಸ್ತಿ ಕುಡಿಸಿ, ನೀರು ಹೀರೋದೇ ಅಲ್ಲಿಂದ. ಒರೆಸಿದ ಬಟ್ಟೆ ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನಾಗೇ ಕಾದು ಬೆಂಕಿ ಹತ್ತುತ್ತೆ, ತಮಾಷೆ ಅಲ್ಲ. ಬಿಡಿಸಿ ಬಯಲಲ್ಲಿ ಒಣಗಿಸಿ.

ಮೂರು ಮಳೆಗಾಲ ಆಯ್ತು ಈಗಿನ ಪೆಟ್ಟಿಗೆಗಳಿಗೆ. ಎರಡಿಂಚಿನ ಸಂದಲ್ಲಿ ಪೊರಕೆ ಆಡಲ್ಲ ಅಂತ ಮನೆಯವರ ತಕರಾರು, ಹೊಸದಕ್ಕೆ ಮೂರಿಂಚಿನ ಕಾಲು ಕೊಯ್ದಿಟ್ಟಿದ್ದೀನಿ. ನಮಸ್ಕಾರ.